ರಾಗಿಗೆ ಬೀಳದ ಹುಳ ರಾಗಿ ಹಿಟ್ಟಿಗೆ ಯಾಕೆ ಬೀಳುತ್ತದೆ?

ಹಗೇವಿಗೆ ಸುರಿದ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ ಎಂದು ತುಮಕೂರು, ಕೋಲಾರ ಸೀಮೆಯ ಹಳಬರು ಹೇಳುವುದು ಬಡಾಯಿಯೇನಲ್ಲ. ನೆಲದಲ್ಲಿ ಆಳವಾಗಿ ಗುಂಡಿ ತೋಡಿ, ಒಳಮೈ ಗಟ್ಟಿ ಮಾಡಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ಮುಂದಿನ ಬರಗಾಲದವರೆಗೆ ಅದರ ಗೊಡವೆಗೆ ಯಾರೂ ಹೋಗುತ್ತಿರಲಿಲ್ಲ. ಅದೇ ರಾಗಿಯನ್ನು ಈಗ ಮಿಲ್ಲಿಗೆ ಹಾಕಿಸಿ ತಂದು ಡಬ್ಬಿಗೆ ತುಂಬಿಡಿ. ಆಷಾಢ ಕಳೆಯುವುದರೊಳಗೆ ಹಿಟ್ಟಿನಲ್ಲಿ ಏನೋ ಹರಿದಾಡುತ್ತಿರುತ್ತದೆ, ಜರಡಿ ಹುಡುಕಬೇಕಾಗುತ್ತದೆ.

ಕಾರಣ ಬಹುಮಟ್ಟಿಗೆ ಗಾತ್ರದ್ದು. ರಾಗಿ ಕಾಳಿನ ಅಡ್ಡಳತೆ ಹೆಚ್ಚುಕಡಿಮೆ ಒಂದೂವರೆ ಮಿಲಿಮೀಟರ್. ಅಕ್ಕಿಗೆ ಬೀಳುವ ಮೂತಿಹುಳದ ಉದ್ದ ಎರಡೂವರೆಯಿಂದ ನಾಲ್ಕು ಮಿಲಿಮೀಟರ್. ಮೊಟ್ಟೆಯೊಡೆದು ಬಂದ ಮರಿ ದುಂಬಿಯಾಗುವವರೆಗೆ ಒಂದೇ ಕಾಳಿನೊಳಗೆ ಬೆಳೆಯಬೇಕಾದ ಜಾತಿ ಅದು. ರಾಗಿಯೊಳಗೆ ಅದಕ್ಕೆ ಹೊರಳಲೂ ಜಾಗವಿಲ್ಲ. ಕಾಳು ಹಿಟ್ಟಾದ ಕೂಡಲೇ ಲೆಕ್ಕ ಬದಲಾಗುತ್ತದೆ. ಹಿಟ್ಟಿಗೆ ಬರುವುದು ಮೂತಿಹುಳವಲ್ಲ, ಇಡೀ ಕಾಳನ್ನು ಕಚ್ಚಿ ಒಡೆಯಲಾಗದ, ಪುಡಿಯನ್ನೇ ನೆಚ್ಚಿಕೊಂಡ ಇನ್ನೊಂದು ದುಂಬಿ.

ಮನೆಯಲ್ಲಿ ಕಾಣುವ ಹುಳಗಳೆಲ್ಲ ಹೀಗೇ ಊಟದ ವಿಷಯದಲ್ಲಿ ಹಟಮಾರಿಗಳು. ಹುಳ ಯಾವುದು ಎಂದು ತಿಳಿದರೆ ಅದು ಯಾವ ಡಬ್ಬಿಯಿಂದ ಎದ್ದು ಬಂತು ಎಂಬುದೂ ಮುಕ್ಕಾಲು ಪಾಲು ತಿಳಿದ ಹಾಗೆ. ಆದರೆ ನಾವು ಮಾಡುವುದೇನು? ಅಕ್ಕಿಯಲ್ಲಿ ಕಂಡರೂ ಬೇವಿನ ಸೊಪ್ಪು, ಕಾಳಿನಲ್ಲಿ ಕಂಡರೂ ಬೇವಿನ ಸೊಪ್ಪು, ಸೀರೆಯಲ್ಲಿ ತೂತು ಕಂಡರೆ ನುಸಿ ಗುಳಿಗೆ. ಗೋಡೆ ಮೇಲೆ ಹರಿಯುವ ನಾಲ್ಕು ಹುಳಕ್ಕೆ ಸ್ಪ್ರೇ ಹೊಡೆದು ಮೂಲದ ಡಬ್ಬಿಯನ್ನು ಅಟ್ಟದ ಮೇಲೆ ಹಾಗೇ ಬಿಟ್ಟರೆ, ತಿಂಗಳಿಗೊಂದು ಹೊಸ ಪೀಳಿಗೆ ಇಳಿದು ಬರುತ್ತಲೇ ಇರುತ್ತದೆ.

ಕಾಳಿನ ಒಳಗಿನವು

ಅಕ್ಕಿಯ ಮೂತಿಹುಳವನ್ನು ಗುರುತಿಸುವುದು ಸುಲಭ. ಕಂದು ಮೈ, ಬೆನ್ನ ಮೇಲೆ ಮಸುಕಾದ ನಾಲ್ಕು ಕೆಂಪು ಚುಕ್ಕೆ, ಮುಂದೆ ಚಾಚಿದ ಸಣ್ಣ ಸೊಂಡಿಲು. ಮುಟ್ಟಿದರೆ ಕಾಲು ಮಡಚಿ ಸತ್ತಂತೆ ಬಿದ್ದುಕೊಳ್ಳುತ್ತದೆ. ಹೆಣ್ಣು ಆ ಸೊಂಡಿಲಿನ ತುದಿಯಿಂದ ಕಾಳಿಗೆ ತೂತು ಕೊರೆದು, ಒಂದು ಮೊಟ್ಟೆ ಇಟ್ಟು, ಅಂಟಿನಂಥ ಬಿರಡೆಯಿಂದ ಬಾಯಿ ಮುಚ್ಚುತ್ತದೆ. ಹೊರಗಿನಿಂದ ನೋಡಿದರೆ ಕಾಳು ಚೆನ್ನಾಗಿಯೇ ಕಾಣುತ್ತದೆ. ನಮ್ಮ ಹವೆಯಲ್ಲಿ ಸುಮಾರು ಐದು ವಾರಕ್ಕೆ ಒಳಗಿಂದ ದುಂಬಿ ಹೊರಬರುತ್ತದೆ. ಒಂದು ಹೆಣ್ಣು ತನ್ನ ಆಯುಸ್ಸಿನಲ್ಲಿ 300ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಸೊಸೈಟಿ ಅಕ್ಕಿ ತಂದ ದಿನ ಒಂದೂ ಹುಳವಿರಲಿಲ್ಲ, ತಿಂಗಳು ಕಳೆದ ಮೇಲೆ ನೋಡಿದರೆ ತುಂಬಿಕೊಂಡಿದೆ ಎಂಬ ದೂರಿಗೆ ಉತ್ತರ ಇಷ್ಟೇ: ಹುಳ ತಂದ ದಿನವೇ ಇತ್ತು, ಅಕ್ಕಿಯ ಒಳಗಿತ್ತು.

ಇನ್ನು ಅಲಸಂದೆ, ಹೆಸರುಕಾಳು, ತೊಗರಿ, ಒಣ ಅವರೆಕಾಳಿನ ಶತ್ರು, ಕಾಳಿನ ದುಂಬಿ. ಇದರ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹುಳ ಹತ್ತಿದ ಅಲಸಂದೆ ಹಿಡಿಯಷ್ಟು ತೆಗೆದುಕೊಂಡು ಬಿಸಿಲಿಗೆ ಹೋಗಿ ಒಂದೊಂದೇ ಕಾಳು ತಿರುಗಿಸಿ. ನುಣುಪಾದ ಸಿಪ್ಪೆಯ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ ಅಂಟಿರುತ್ತದೆ. ಉಗುರಿನಿಂದ ಕೆರೆದರೆ ಎದ್ದು ಬರುತ್ತದೆ. ಅದು ಮೊಟ್ಟೆಯ ಚಿಪ್ಪು. ಇಟ್ಟ ಹೊಸತರಲ್ಲಿ ತಿಳಿಯಾಗಿದ್ದು ಕಣ್ಣಿಗೆ ಬೀಳುವುದಿಲ್ಲ. ಮರಿ ಮೊಟ್ಟೆಯ ತಳದಿಂದಲೇ ನೇರವಾಗಿ ಕಾಳಿನೊಳಕ್ಕೆ ಕೊರೆದುಕೊಂಡು ಇಳಿಯುತ್ತದೆ, ಕೊರೆದ ಪುಡಿಯನ್ನು ಹಿಂದಕ್ಕೆ ತಳ್ಳಿ ಖಾಲಿ ಚಿಪ್ಪಿಗೆ ತುಂಬುತ್ತದೆ. ಆಗ ಚುಕ್ಕೆ ಹಾಲಿನ ಬಿಳುಪಿಗೆ ತಿರುಗುತ್ತದೆ. ಅಂದರೆ ಬಿಳಿ ಚುಕ್ಕೆ ಕಂಡಿತು ಎಂದರೆ ಮರಿ ಆಗಲೇ ಒಳಗೆ ಹೋಗಿಯಾಯಿತು.

ಇನ್ನೊಂದಿಷ್ಟು ಕಾಳು ತಿರುಗಿಸಿದರೆ, ಕೆಲವದರ ಮೇಲೆ ಗುಂಡನೆಯ ಕಪ್ಪು ನೆರಳು ಕಾಣುತ್ತದೆ. ತೂತಲ್ಲ, ಮುಟ್ಟಿದರೆ ಸಿಪ್ಪೆ ಇನ್ನೂ ಇದೆ. ಒಳಗಿನ ಮರಿ ತಿಂದು ತಿಂದು ಸಿಪ್ಪೆಯ ಅಡಿಯವರೆಗೆ ಬಂದು, ಹೊರಬರುವ ಕಿಟಕಿಯನ್ನು ತೆಳ್ಳಗೆ ಸಿದ್ಧಮಾಡಿಟ್ಟು, ಆಮೇಲೆ ಕೋಶವಾಗುತ್ತದೆ. ದುಂಬಿಯಾದ ಮೇಲೆ ಆ ಮುಚ್ಚಳವನ್ನು ತಳ್ಳಿ ಆಚೆ ಬರುತ್ತದೆ. ಹೊರಬಂದದ್ದಕ್ಕೆ ಊಟ, ನೀರು ಯಾವುದೂ ಬೇಡ. ಹತ್ತು ಹದಿನೈದು ದಿನ ಬದುಕಿ, ಜೊತೆಗೂಡಿ, ನೂರರ ಹತ್ತಿರ ಮೊಟ್ಟೆ ಅಂಟಿಸಿ ಸಾಯುತ್ತದೆ.

ಇದು ಹೊಲದಲ್ಲೇ ಶುರುವಾಗುವ ಕಾಟ. ಕಾಯಿ ಒಣಗುತ್ತಿರುವಾಗಲೇ ದುಂಬಿ ಬಂದು ಮೊಟ್ಟೆ ಇಟ್ಟಿರುತ್ತದೆ, ಕಾಳಿನ ಜೊತೆಗೇ ಕಣಕ್ಕೆ, ಮಂಡಿಗೆ, ದಿನಸಿ ಅಂಗಡಿಗೆ, ಕೊನೆಗೆ ನಮ್ಮ ಮನೆಗೆ ಬರುತ್ತದೆ. ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. (ಸಂಕ್ರಾಂತಿ ಹೊತ್ತಿಗೆ ಸೊಗಡಿನ ಅವರೆಕಾಯಿ ಸುಲಿಯುವಾಗ ಸಿಗುವ ಹಸಿರು ಹುಳ ಬೇರೆ. ಅದು ಹೊಲದ ಕಾಯಿಕೊರಕ, ಡಬ್ಬಿಯಲ್ಲಿ ಸಂಸಾರ ಹೂಡುವುದಿಲ್ಲ.) ಕಾಳನ್ನು ಒಡೆಸಿ ಬೇಳೆ ಮಾಡಿಸಿಟ್ಟರೆ ಈ ದುಂಬಿಯ ಕಾಟ ಬಹಳ ತಗ್ಗುತ್ತದೆ. ತೊಗರಿಯನ್ನು ಸುಗ್ಗಿಯಲ್ಲೇ ಬೇಳೆ ಮಾಡಿಕೊಂಡು ಬಿಡುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಪುಡಿ, ಪೊಟ್ಟಣ, ಎಳ್ಳುಬೆಲ್ಲ

ಹಿಟ್ಟು, ರವೆ, ಮೈದಾದಲ್ಲಿ ಓಡಾಡುವ ಮೂರು ನಾಲ್ಕು ಮಿಲಿಮೀಟರಿನ ಕೆಂಗಂದು ದುಂಬಿಗೆ ಸೊಂಡಿಲಿಲ್ಲ, ಮೈ ಚಪ್ಪಟೆ. ಕೆಂಪು ಹಿಟ್ಟಿನ ದುಂಬಿ ಎನ್ನುತ್ತಾರೆ. ಇದರ ಮೊಟ್ಟೆ ಅಂಟಂಟು, ಹಿಟ್ಟು ಮೆತ್ತಿಕೊಂಡು ಬರಿಗಣ್ಣಿಗೆ ಕಾಣದಂತೆ ಕೂತಿರುತ್ತದೆ. ಮಿಲ್ಲಿನಲ್ಲಿ ನಿಮಗಿಂತ ಮುಂಚೆ ಹಾಕಿಸಿದವರ ಹಿಟ್ಟಿನ ಉಳಿಕೆಯಲ್ಲಿ, ಡಬ್ಬಿಯ ಮುಚ್ಚಳದ ಮರೆಯಲ್ಲಿ, ಹಳೆಯ ಹಿಟ್ಟಿನ ಮೇಲೇ ಹೊಸದನ್ನು ಸುರಿಯುವ ನಮ್ಮ ಅಭ್ಯಾಸದಲ್ಲಿ ಇದರ ವಂಶ ಮುಂದುವರಿಯುತ್ತದೆ. ಸಂಖ್ಯೆ ಹೆಚ್ಚಾದಾಗ ಈ ದುಂಬಿ ಕ್ವಿನೋನ್ ಎಂಬ ರಾಸಾಯನಿಕವನ್ನು ಬಿಡುತ್ತದೆ. ಹಿಟ್ಟಿಗೆ ಘಾಟು ವಾಸನೆ, ಕೆಲವೊಮ್ಮೆ ತೆಳು ಗುಲಾಬಿ ಛಾಯೆ ಬರುವುದು ಅದರಿಂದ.

ರವೆ ತಂದ ದಿನವೇ ಬಾಣಲೆಯಲ್ಲಿ ಬೆಚ್ಚಗೆ ಹುರಿದು, ಆರಿಸಿ ಡಬ್ಬಿಗೆ ಹಾಕುವುದು ನಮ್ಮ ಕಡೆ ಎಷ್ಟೋ ಮನೆಗಳ ರೂಢಿ. ಉಪ್ಪಿಟ್ಟು ಉದುರುದುರಾಗಲಿ ಎಂದು ಮಾಡುವ ಕೆಲಸವಾದರೂ ಒಳಗಿನ ಮೊಟ್ಟೆಗಳ ಕತೆಯೂ ಅಲ್ಲಿಗೇ ಮುಗಿಯುತ್ತದೆ. 60 ಡಿಗ್ರಿ ದಾಟಿದ ಮೇಲೆ ಈ ಹುಳಗಳು ಕೆಲವೇ ನಿಮಿಷ ತಾಳುತ್ತವೆ.

ಖಾರದ ಪುಡಿ, ಧನಿಯ, ಅರಿಸಿನ, ಒಣಶುಂಠಿಯಲ್ಲಿ ಸಿಗುವುದು ಇನ್ನೊಂದು ಬಗೆ: ಎರಡು ಮೂರು ಮಿಲಿಮೀಟರಿನ, ಗೂನುಬೆನ್ನಿನ, ತಲೆ ಕೆಳಗೆ ಬಾಗಿಸಿಕೊಂಡ ಕಂದು ದುಂಬಿ. ತಂಬಾಕನ್ನೂ ಬಿಡದ ಇದಕ್ಕೆ ಸಿಗರೇಟ್ ದುಂಬಿ ಎಂದೇ ಹೆಸರು. ಇದರ ಹೊಟ್ಟೆಯಲ್ಲಿ ನೆಲೆಸಿರುವ ಒಂದು ಜಾತಿಯ ಯೀಸ್ಟ್, ತಿಂದದ್ದರಲ್ಲಿನ ವಿಷದ ಅಂಶಗಳನ್ನು ಮುರಿದುಕೊಡುತ್ತದೆ. ಹಾಗಾಗಿ ಮೆಣಸಿನಕಾಯಿಯ ಖಾರ ಇದಕ್ಕೆ ಲೆಕ್ಕಕ್ಕಿಲ್ಲ. ಹುಳ ಬರದಿರಲಿ ಎಂದು ಅಕ್ಕಿ ಡಬ್ಬಿಗೆ ಒಣಮೆಣಸಿನಕಾಯಿ ಹಾಕುವವರು ಇದನ್ನು ಗಮನಿಸಬೇಕು. ನೀವು ಕಾವಲಿಗೆ ಇಟ್ಟದ್ದನ್ನೇ ಊಟ ಮಾಡುವ ದುಂಬಿ ಇದು. ಇನ್ನೊಂದು ವಿಶೇಷ, ಹಿಟ್ಟಿನ ದುಂಬಿ ಸಾಮಾನ್ಯವಾಗಿ ಸಂದಿ ಹುಡುಕಿಕೊಂಡು ಒಳನುಗ್ಗುತ್ತದೆ, ಇದು ಪ್ಲಾಸ್ಟಿಕ್ ಪೊಟ್ಟಣವನ್ನೇ ಕೊರೆಯುತ್ತದೆ. ತೆರೆಯದ ಖಾರದಪುಡಿ ಪೊಟ್ಟಣದ ಮೈಮೇಲೆ ಸೂಜಿ ಚುಚ್ಚಿದಷ್ಟು ದುಂಡನೆಯ ತೂತು ಕಂಡರೆ ಇದರದೇ ಕೆಲಸವೆಂದು ತಿಳಿಯಬಹುದು. ವರ್ಷಕ್ಕಾಗುವಷ್ಟು ಸಾರಿನ ಪುಡಿ ಮಾಡಿಡುವವರು ಒಂದು ತಿಂಗಳದ್ದನ್ನು ಹೊರಗಿಟ್ಟು, ಮಿಕ್ಕದ್ದನ್ನು ಗಾಜಿನ ಜಾಡಿಯಲ್ಲಿ ಗಟ್ಟಿಯಾಗಿ ತುಂಬಿ ಫ್ರಿಜ್ಜಿಗೆ ಸೇರಿಸುವುದೇ ವಾಸಿ.

ಡಬ್ಬಿಯಲ್ಲಿ ಜೇಡರ ಬಲೆಯಂತೆ ಎಳೆ ಎಳೆ ಕಂಡು, ರವೆ, ನುಚ್ಚು, ಕಡಲೆಬೀಜ ಗಂಟುಗಂಟಾಗಿ ಕೂಡಿಕೊಂಡಿದ್ದರೆ ಅಲ್ಲಿರುವುದು ದುಂಬಿಯಲ್ಲ, ಅಕ್ಕಿ ಪತಂಗದ ಮರಿ. ಸಂಜೆ ಹೊತ್ತು ಅಡುಗೆಮನೆ ದೀಪದ ಸುತ್ತ ಸುಳಿಯುವ ಬೂದು ಬಣ್ಣದ ಸಣ್ಣ ಚಿಟ್ಟೆ ಇದರ ದೊಡ್ಡ ರೂಪ. ಸಂಕ್ರಾಂತಿಯಲ್ಲಿ ಬೀರಿ ಮಿಕ್ಕ ಎಳ್ಳುಬೆಲ್ಲವನ್ನು ಯುಗಾದಿಯವರೆಗೂ ಮರೆತ ಮನೆಗಳಲ್ಲಿ ಇದರ ಸುಗ್ಗಿ. ಅದೇ ಡಬ್ಬಿಯ ಕೊಬ್ಬರಿಯಲ್ಲಿ ಹೊಳೆಯುವ ನೀಲಿ ಮೈ, ಕೆಂಪು ಕಾಲಿನ ದುಂಬಿ ಸಿಕ್ಕರೆ ಅದು ಕೊಬ್ಬರಿ ದುಂಬಿ. ತಿಪಟೂರಿನ ಉಂಡೆ ಕೊಬ್ಬರಿ ಅಟ್ಟದ ಮೇಲೆ ಇಡೀ ಕಾಯಿಯೊಳಗೆ ಎಂಟು ಹತ್ತು ತಿಂಗಳು ನಿಧಾನವಾಗಿ ಒಣಗುತ್ತದೆ. ಚಿಪ್ಪು ಒಡೆಯುವವರೆಗೂ ಅದಕ್ಕೆ ಕೋಟೆ ಇದ್ದ ಹಾಗೆ. ಕತ್ತರಿಸಿದ ಮೇಲೆ, ಅದರಲ್ಲೂ ಮಳೆಗಾಲದ ತೇವ ಹಿಡಿದ ಮೇಲೆ ತಡೆಯಿಲ್ಲ.

ಹುಣಸೆಹಣ್ಣಿನ ಸಂಗತಿ ಸರಳ. ತುಮಕೂರಿನ ಮಾರುಕಟ್ಟೆಯಿಂದ ಬೇಸಗೆಯಲ್ಲಿ ವರ್ಷದ ಹುಣಸೆ ತರುವವರಿಗೆ ಗೊತ್ತಿರುವ ಹಾಗೆ ಹುಳ ಕೂರುವುದು ಬೀಜದಲ್ಲಿ. ಬೀಜ, ನಾರು ತೆಗೆದು, ಒಣಗಿಸಿ, ಉಪ್ಪು ಬೆರೆಸಿ ಜಾಡಿಗೆ ಒತ್ತಿ ತುಂಬಿದರೆ ಮುಗಿಯಿತು.

ಯಾವುದು ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ

ಮೊದಲನೆಯದು ಒಣಗು. ಅಕ್ಕಿ ಗೋಧಿಯ ತೇವಾಂಶ ನೂರಕ್ಕೆ 12ರ ಆಸುಪಾಸು, ಬೇಳೆಕಾಳಿನದು 9–10 ಇದ್ದರೆ ಹುಳದ ಸಂತಾನ ನಿಧಾನವಾಗುತ್ತದೆ. ಮನೆಯಲ್ಲಿ ಅಳೆಯಲು ಯಂತ್ರ ಬೇಕಿಲ್ಲ: ಕಾಳನ್ನು ಹಲ್ಲಲ್ಲಿ ಕಡಿದರೆ ಟಕ್ಕೆಂದು ಒಡೆಯಬೇಕು, ಮೆತ್ತಗೆ ಒತ್ತಿಕೊಳ್ಳಬಾರದು. ನಮ್ಮದು ಬಯಲುಸೀಮೆ, ಮಲೆನಾಡಿನವರಷ್ಟು ಕಷ್ಟವಿಲ್ಲ. ಆದರೂ ಜುಲೈಯಿಂದ ಅಕ್ಟೋಬರ್‌ವರೆಗೆ ಗಾಳಿಯ ತೇವ ಕಾಳಿಗೆ ಇಳಿಯುತ್ತದೆ.

ಬಿಸಿಲಿಗೆ ಹಾಕುವುದರಲ್ಲಿ ಒಂದು ಸೂಕ್ಷ್ಮವಿದೆ. ತಾರಸಿಯ ಮೇಲೆ ದಪ್ಪಗೆ ಹರವಿದ ಕಾಳಿನಿಂದ ದುಂಬಿಗಳು ಎದ್ದು ಓಡುತ್ತವೆ, ನೋಡಿದವರಿಗೆ ಸಮಾಧಾನವಾಗುತ್ತದೆ, ಒಳಗಿನ ಮರಿಗಳು ಮಾತ್ರ ಹಾಗೇ ಉಳಿಯುತ್ತವೆ. ಅವು ಸಾಯಬೇಕಾದರೆ ಕಾಳಿನ ಒಳಗೇ 57 ಡಿಗ್ರಿಯಷ್ಟು ಶಾಖ ಒಂದು ಗಂಟೆ ನಿಲ್ಲಬೇಕು. ಅದಕ್ಕೆ ಸುಲಭದ ದಾರಿ: ಮೊದಲು ಚೆನ್ನಾಗಿ ಒಣಗಿಸಿದ ಕಾಳನ್ನು ಕಪ್ಪು ಟಾರ್ಪಾಲಿನ ಮೇಲೆ ಎರಡು ಮೂರು ಸೆಂಟಿಮೀಟರ್ ಮೀರದಂತೆ ಹರವಿ, ಮೇಲೆ ತಿಳಿಯಾದ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆಲ್ಲ ಕಲ್ಲು ಹೇರಿ. ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ಹನ್ನೊಂದರಿಂದ ಮೂರರವರೆಗೆ ಬಿಟ್ಟರೆ ಸಾಕು. ತೆಗೆದು ಪೂರ್ತಿ ತಣ್ಣಗಾದ ಮೇಲೆ ತುಂಬಬೇಕು. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರಿ, ಹುಳದ ಬದಲು ಬೂಷ್ಟು ಬರುತ್ತದೆ.

ಎರಡನೆಯದು ಗಾಳಿಯಾಡದಂತೆ ಮುಚ್ಚುವುದು. ಹಗೇವಿನ ಗುಟ್ಟೂ ಇದೇ. ಒಳಗಿನ ಕಾಳು, ಹುಳ, ಬೂಷ್ಟು ಎಲ್ಲ ಉಸಿರಾಡಿ ಆಮ್ಲಜನಕ ಬರಿದಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹಗೇವು ತೆಗೆದ ತಕ್ಷಣ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ಆರುವುದಿಲ್ಲವೆಂದು ಖಾತ್ರಿ ಮಾಡಿಕೊಂಡೇ ಇಳಿಯುತ್ತಿದ್ದರು. ಮನುಷ್ಯನನ್ನೇ ಕೊಲ್ಲಬಲ್ಲ ಆ ಗಾಳಿಯಲ್ಲಿ ಹುಳ ಎಲ್ಲಿ ಉಳಿದೀತು. ಇದನ್ನು ಚಿಕ್ಕದಾಗಿ ಅಡುಗೆಮನೆಯಲ್ಲೂ ಮಾಡಬಹುದು. ತೊಳೆದು ಚೆನ್ನಾಗಿ ಒಣಗಿಸಿದ ತಂಪು ಪಾನೀಯದ ಬಾಟಲಿಗೆ ಕಾಳನ್ನು ಕುಟ್ಟಿ ಕುಟ್ಟಿ ಕಂಠದವರೆಗೆ ತುಂಬಿ ತಿರುಪು ಬಿಗಿ ಮಾಡಿ. ಕಂಠದವರೆಗೆ ಎಂಬುದು ಮುಖ್ಯ. ಅರ್ಧ ಖಾಲಿ ಇರುವ ಡಬ್ಬಿಯಲ್ಲಿ ಹುಳಕ್ಕೆ ತಿಂಗಳುಗಟ್ಟಲೆ ಸಾಲುವಷ್ಟು ಗಾಳಿ ಇರುತ್ತದೆ. ದೊಡ್ಡ ಸ್ಟೀಲ್ ಡಬ್ಬಿಯ ಮುಚ್ಚಳ ಎಷ್ಟು ಗಟ್ಟಿ ಅನಿಸಿದರೂ ಗಾಳಿಯಾಡುತ್ತಲೇ ಇರುತ್ತದೆ.

ಫ್ರೀಜರ್ ಇರುವವರಿಗೆ ಅದೇ ದೊಡ್ಡ ವರ. ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇಟ್ಟ ಹಿಟ್ಟು, ಕಾಳು, ಒಣಹಣ್ಣಿನಲ್ಲಿ ಮೊಟ್ಟೆಯೂ ಉಳಿಯುವುದಿಲ್ಲ. ಹಳೆಯ ಒಂದೇ ಬಾಗಿಲಿನ ಫ್ರಿಜ್ಜಿನ ಐಸ್ ಪೆಟ್ಟಿಗೆ ಅಷ್ಟು ತಣ್ಣಗಾಗದಿರಬಹುದು, ಅಂಥದ್ದರಲ್ಲಿ ಒಂದು ವಾರ ಬಿಡಿ.

ಹಳೆಯ ಉಪಾಯಗಳಲ್ಲಿ ಕೆಲವು ನಿಜಕ್ಕೂ ಗಟ್ಟಿ. ಕಿಲೋ ಕಾಳಿಗೆ ಒಂದು ಚಮಚ ಹರಳೆಣ್ಣೆ ಸವರುವುದು ಅಂಥದ್ದು: ದುಂಬಿಗೆ ಮೊಟ್ಟೆ ಅಂಟಿಸಲು ಕಷ್ಟ, ಅಂಟಿಸಿದರೂ ಎಣ್ಣೆ ಕವಿದು ಮೊಟ್ಟೆಗೆ ಉಸಿರುಕಟ್ಟುತ್ತದೆ. ತೊಗರಿ, ಅವರೆಗೆ ಕೆಮ್ಮಣ್ಣು ಕಟ್ಟಿ ಒಣಗಿಸುವುದೂ ಹಾಗೆಯೇ, ನುಣುಪು ಮೈ ಮರೆಯಾಗುತ್ತದೆ. ಬಿತ್ತನೆ ಕಾಳಿಗೆ ಬೂದಿ ಬೆರೆಸಿದಾಗ ಆ ನುಣ್ಣನೆಯ ಕಣಗಳು ಹುಳದ ಮೈಮೇಲಿನ ಮೇಣದ ಪದರವನ್ನು ಉಜ್ಜಿ ತೆಗೆಯುತ್ತವೆ, ಮೈಯ ನೀರು ಆರಿ ಹುಳ ಸಾಯುತ್ತದೆ. ಕಾಳಿನ ಮಡಕೆಯ ಮೇಲೆ ಎರಡು ಬೆರಳು ಒಣ ಮರಳು ಹರವಿದರೆ, ಕೆಳಗೆ ಹುಟ್ಟಿದ ದುಂಬಿ ಮೇಲೆ ಬಂದು ಜೊತೆಗೂಡಲಾಗದೆ ಸೋಲುತ್ತದೆ.

ಬೇವಿನ ಸೊಪ್ಪು, ಲಕ್ಕಿ ಸೊಪ್ಪು, ಲವಂಗ, ಬೆಳ್ಳುಳ್ಳಿ ಬಗ್ಗೆ ನನಗೆ ಅಷ್ಟು ಭರವಸೆ ಇಲ್ಲ. ವಾಸನೆಗೆ ಹೊಸ ಹುಳ ಹಿಂಜರಿದೀತು. ಕಾಳಿನೊಳಗೆ ಮುಚ್ಚಿಕೊಂಡು ಕೂತ ಮರಿಗೆ ಅದರ ಗೊಡವೆಯೇ ಇಲ್ಲ. ಹಸಿ ಸೊಪ್ಪು ಹಾಕಿದರಂತೂ ತೇವವನ್ನು ನಾವೇ ಕರೆದು ಕೂರಿಸಿದ ಹಾಗೆ.

ಮೂಟೆಗೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮಾತ್ರ ಮನೆಯೊಳಗೆ ತರಬೇಡಿ. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಅನಿಲ ಹೊರಡುತ್ತದೆ, ಅದಕ್ಕೆ ಮದ್ದಿಲ್ಲ. ಪಕ್ಕದ ಕೋಣೆಯಲ್ಲಿ ಮಲಗಿದವರೂ ಅಪಾಯಕ್ಕೆ ಸಿಲುಕುತ್ತಾರೆ. ತರಬೇತಾದವರಷ್ಟೇ ಬಳಸಬೇಕೆಂಬ ಕಾನೂನಿನ ನಿರ್ಬಂಧ ಸುಮ್ಮನೆ ಬಂದದ್ದಲ್ಲ. ಸಂತೆಯಲ್ಲಿ ಸಿಗುವ ಪಾದರಸದ ಗುಳಿಗೆಯನ್ನು ಊಟದ ಅಕ್ಕಿಗೆ ಹಾಕುವುದೂ ಬೇಡ.

ಹುಳ ಬಿದ್ದದ್ದನ್ನು ತಿನ್ನಬಹುದೇ? ಮೂತಿಹುಳ ವಿಷವಲ್ಲ, ರೋಗ ಹರಡುವುದಿಲ್ಲ. ಬಿಸಿಲಿಗೆ ಹಾಕಿ, ಮೊರದಲ್ಲಿ ಕೇರಿ, ತೊಳೆದರೆ ಅಕ್ಕಿ ಊಟಕ್ಕೆ ಆಗುತ್ತದೆ, ಪೊಳ್ಳಾದ ಕಾಳು ನೀರಿನಲ್ಲಿ ತೇಲಿ ತಾನೇ ಬೇರೆಯಾಗುತ್ತದೆ. ಘಾಟು ಬಂದ ಹಿಟ್ಟನ್ನು ಜರಡಿ ಹಿಡಿದು ಉಳಿಸಿಕೊಳ್ಳಲು ನೋಡಬೇಡಿ, ವಾಸನೆಯ ಆ ರಾಸಾಯನಿಕ ಹಿಟ್ಟಿನಲ್ಲೇ ಇರುತ್ತದೆ. ಕಡಲೆಬೀಜದಲ್ಲಿ ಹುಳದ ಜೊತೆ ಬೂಷ್ಟೂ ಕಂಡರೆ ಪೂರ್ತಿ ಎಸೆಯಿರಿ, ಕೋಳಿಗೂ ಹಾಕಬೇಡಿ. ಅಫ್ಲಾಟಾಕ್ಸಿನ್ ಎಂಬ ಆ ಬೂಷ್ಟಿನ ವಿಷ ಹುರಿದರೂ ಹೋಗುವುದಿಲ್ಲ.

ಬೀರು, ಟ್ರಂಕು, ಕಂಬಳಿ

ಶಿಡ್ಲಘಟ್ಟದ ರೇಷ್ಮೆಗೂಡಿನ ವ್ಯವಹಾರ ಬಲ್ಲವರಿಗೆ ಡರ್ಮೆಸ್ಟಿಡ್ ಎಂಬ ದುಂಬಿಯ ಕಾಟ ಹೊಸದಲ್ಲ. ಕೂಡಿಟ್ಟ ಗೂಡಿಗೆ ಇದು ಬರುವುದು ರೇಷ್ಮೆಯ ಆಸೆಗಲ್ಲ, ಒಳಗೆ ಸತ್ತಿರುವ ಕೋಶದ ವಾಸನೆಗೆ. ಅದನ್ನು ತಲುಪಲು ಗೂಡನ್ನು ಕೊರೆಯುತ್ತದೆ. ನೂರಾರು ಮೀಟರ್ ಉದ್ದದ ಒಂದೇ ಎಳೆ ಅಲ್ಲಲ್ಲಿ ತುಂಡಾದರೆ ಆ ಗೂಡಿನಿಂದ ನೂಲು ಬಿಚ್ಚಲಾಗುವುದಿಲ್ಲ. ನಮ್ಮ ಬೀರುವಿನ ರೇಷ್ಮೆ ಸೀರೆಗೂ ಬಹುಮಟ್ಟಿಗೆ ಇದೇ ಆಗುವುದು. ಅದೇ ಕುಟುಂಬಕ್ಕೆ ಸೇರಿದ ಕಾರ್ಪೆಟ್ ದುಂಬಿಯ ಮರಿ, ಮೈತುಂಬ ಕಂದು ಕೂದಲಿನ ಮೂರು ನಾಲ್ಕು ಮಿಲಿಮೀಟರಿನ ಹುಳ, ಮದುವೆಮನೆಯಲ್ಲಿ ಸೆರಗಿಗೆ ಬಿದ್ದ ಪಾಯಸದ ಹನಿ, ಕಂಕುಳಿನ ಬೆವರು, ತಲೆಯ ಎಣ್ಣೆ ಅಂಟಿದ ಕಡೆಯೇ ಮೊದಲು ಬಾಯಿ ಹಾಕುತ್ತದೆ. ತೂತು ಎಲ್ಲಿದೆ ಎಂದು ನೋಡಿದರೆ ಕಲೆ ಎಲ್ಲಿತ್ತು ಎಂದು ನೆನಪಾಗುತ್ತದೆ.

ಉಟ್ಟ ರೇಷ್ಮೆಯನ್ನು ಅಂದೇ ಮಡಿಸಿ ಬೀರುವಿಗೆ ಸೇರಿಸುವುದು ಈ ಹುಳಕ್ಕೆ ಎಲೆ ಹಾಕಿದ ಹಾಗೆ. ನೆರಳಿನಲ್ಲಿ ಒಂದು ದಿನ ಗಾಳಿಗೆ ಹಾಕಿ, ಕಲೆಯಿದ್ದರೆ ತೆಗೆಸಿ, ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ದೊಡ್ಡ ದುಂಬಿ ಬಟ್ಟೆ ತಿನ್ನುವುದಿಲ್ಲ, ಅದಕ್ಕೆ ಹೂವಿನ ಪರಾಗ ಬೇಕು. ಕಿಟಕಿಯ ಗಾಜಿನ ಬಳಿ ಬಣ್ಣಬಣ್ಣದ ಮಚ್ಚೆಯ ಪುಟ್ಟ ದುಂಡು ದುಂಬಿಗಳು ಸತ್ತುಬಿದ್ದಿದ್ದರೆ, ಅವುಗಳ ಮರಿಗಳು ಮನೆಯಲ್ಲೆಲ್ಲೋ ಬೆಳೆದಿವೆ ಎಂದರ್ಥ. ಬೀರುವಿನಲ್ಲಿ ಸಿಗದಿದ್ದರೆ ಕಿಟಕಿ ಮೇಲಿನ ಪಾರಿವಾಳದ ಗೂಡು, ಅಟ್ಟದಲ್ಲಿ ಒಣಗಿ ಬಿದ್ದ ಇಲಿ ಹಲ್ಲಿ, ಹಳೆಯ ದೀಪದ ಗ್ಲೋಬಿನಲ್ಲಿ ತುಂಬಿದ ಸತ್ತ ಹುಳುಗಳನ್ನು ನೋಡಿ.

ಉಣ್ಣೆಯ ಶತ್ರು ಬಟ್ಟೆ ಪತಂಗ. ಉಣ್ಣೆ, ಕೂದಲು, ಗರಿಗಳಲ್ಲಿರುವ ಕೆರಾಟಿನ್ ಎಂಬ ಗಡುಸು ಪ್ರೋಟೀನನ್ನು ಜೀರ್ಣಿಸಿಕೊಳ್ಳಬಲ್ಲ ಪ್ರಾಣಿಗಳು ಬಹಳ ಕಡಿಮೆ, ಇದರ ಮರಿ ಅವುಗಳಲ್ಲೊಂದು. ಎಳೆ ನೂತ ಸಣ್ಣ ಕೊಳವೆ, ಬಟ್ಟೆಯದೇ ಬಣ್ಣದ ಹಿಕ್ಕೆ ಕಂಡರೆ ಇದರ ಗುರುತು. ದುಂಬಿಮರಿ ಎಳೆ ನೂಯುವುದಿಲ್ಲ, ಒಣಗಿದ ಪೊರೆಗಳನ್ನಷ್ಟೇ ಬಿಟ್ಟುಹೋಗುತ್ತದೆ. ಸಿರಾ, ಪಾವಗಡ ಕಡೆಯ ಕುರಿಕಂಬಳಿ ದಿನಾ ಹೊದೆಯುವವರ ಮನೆಯಲ್ಲಿ ಹಾಳಾಗುವುದು ಅಪರೂಪ. ಬಿಸಿಲಿಗೆ ಹಾಕಿ ಬಡಿದು ಕೊಡವಿದಾಗ ಪತಂಗದ ಮೊಟ್ಟೆ ಸಲೀಸಾಗಿ ಉದುರುತ್ತದೆ, ಬೆಳಕು ಕಂಡರಾಗದ ಮರಿ ಜಾಗ ಬಿಡುತ್ತದೆ. ಹಾಳಾಗುವುದು ನೆನಪಿಗೆಂದು ಮಡಿಸಿಟ್ಟ ಅಜ್ಜನ ಕಂಬಳಿ. ಕಂಬಳಿಯ ನೂಲಿಗೆ ಹುಣಸೆ ಬೀಜದ ಗಂಜಿ ಕೊಟ್ಟಿರುವುದರಿಂದ ಪಿಷ್ಟ ತಿನ್ನುವ ಸಿಲ್ವರ್‌ಫಿಶ್ ಕೂಡ ಅದಕ್ಕೆ ಬರುತ್ತದೆ. ಬೆಳ್ಳಿ ಬಣ್ಣದ, ರೆಕ್ಕೆಯಿಲ್ಲದ, ಬಾಲದ ಕಡೆ ಮೂರು ಎಳೆಯಿರುವ ಆ ಹುಳಕ್ಕೆ ತೇವ ಬೇಕೇ ಬೇಕು. ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ ಸೀರೆ, ಪುಸ್ತಕದ ಅಂಟು, ಟ್ರಂಕಿನ ತಳಕ್ಕೆ ಹಾಸಿದ ಹಳೆ ಪೇಪರು ಎಲ್ಲ ಅದಕ್ಕೆ ಊಟ. ಬಹುಕಾಲ ಎತ್ತಿಡುವ ಹತ್ತಿ ಬಟ್ಟೆಗೆ ಗಂಜಿ ಹಾಕದೇ ಇಡಿ, ಪೇಪರಿನ ಬದಲು ಒಗೆದ ಬಟ್ಟೆ ಹಾಸಿ.

ಬಚ್ಚಲುಮನೆ ಬಾಗಿಲ ಹಿಂದೆ, ಗೋಡೆ ಸೇರುವ ಮೂಲೆಯಲ್ಲಿ ಬೂದು ಬಣ್ಣದ ಸೌತೆಬೀಜದಂಥ ಚಪ್ಪಟೆ ಚೀಲವೊಂದು ನೇತಾಡುವುದನ್ನು ನೋಡಿರುತ್ತೀರಿ. ಸುಮಾರು ಒಂದು ಸೆಂಟಿಮೀಟರ್ ಉದ್ದ, ಎರಡೂ ತುದಿಯಲ್ಲಿ ಬಾಯಿ. ತೆಗೆದು ಬಿಳಿ ಕಾಗದದ ಮೇಲಿಟ್ಟು ಸ್ವಲ್ಪ ಹೊತ್ತು ಅಲುಗಾಡಿಸದೆ ಬಿಟ್ಟರೆ ಒಂದು ತುದಿಯಿಂದ ಕಪ್ಪು ತಲೆ ಹೊರಗೆ ಬರುತ್ತದೆ, ಕಾಲೂರಿ ಚೀಲವನ್ನು ಎಳೆದುಕೊಂಡು ಹೊರಡುತ್ತದೆ. ಅಡ್ಡ ಬೆರಳಿಟ್ಟರೆ ಒಳಗೇ ತಿರುಗಿ ಆ ಕಡೆಯ ಬಾಯಿಂದ ತಲೆ ಹಾಕುತ್ತದೆ. ಮರಳು, ದೂಳು, ನೂಲಿನ ಚೂರುಗಳನ್ನು ತನ್ನದೇ ರೇಷ್ಮೆಯಿಂದ ಹೊಲಿದ ಮನೆ ಅದು. ಇದೂ ಪತಂಗವೊಂದರ ಮರಿಯೇ. ಉಣ್ಣೆ, ಕೂದಲು ತಿಂದರೂ ಇದರ ಮುಖ್ಯ ಆಹಾರ ಹಳೆಯ ಜೇಡರಬಲೆ. ವಾರಕ್ಕೊಮ್ಮೆ ಬಲೆ ಹೊಡೆಯುವ ಮನೆಯಲ್ಲಿ ಇದು ತಾನಾಗಿಯೇ ಕಡಿಮೆಯಾಗುತ್ತದೆ.

ನುಸಿ ಗುಳಿಗೆಯ ಬಗ್ಗೆ ಎರಡು ಮಾತು. ನ್ಯಾಫ್ತಲೀನ್ ಆವಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಗಾಢವಾಗಿ ತುಂಬಿಕೊಂಡರೆ ಮಾತ್ರ ಹುಳ ಸಾಯುತ್ತದೆ. ಭದ್ರವಾದ ಟ್ರಂಕಿನಲ್ಲಿ ಸರಿ, ದಿನಕ್ಕೆ ಹತ್ತು ಸಲ ತೆರೆಯುವ ಬೀರುವಿನಲ್ಲಿ ವಾಸನೆ ಬಿಟ್ಟು ಬೇರೇನೂ ಸಿಗುವುದಿಲ್ಲ. ಇಟ್ಟರೂ ಬಟ್ಟೆಯ ಗಂಟು ಕಟ್ಟಿ, ಜರಿಗೆ ತಾಗದಂತೆ ಇಡಿ. ಎಳೆ ಮಗುವಿದ್ದ ಮನೆಯಲ್ಲಂತೂ ಎಚ್ಚರ. ಬಾಣಂತಿ ಕೋಣೆಗೆಂದು ಟ್ರಂಕಿನಿಂದ ಮೆತ್ತನೆಯ ಹಳೇ ಸೀರೆಗಳನ್ನು ತೆಗೆದು ಮಗುವಿಗೆ ಸುತ್ತುವುದು ನಮ್ಮಲ್ಲಿ ರೂಢಿ. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು. ಅಂಥ ಮನೆಯಲ್ಲಿ ಈ ಗುಳಿಗೆಯನ್ನೇ ಬಿಟ್ಟು, ಕೊರಟಗೆರೆ ಕಡೆ ಬೆಳೆಯುವ ಬಜೆಯ ಒಣಗಿದ ಬೇರನ್ನು ಬಟ್ಟೆಯಲ್ಲಿ ಕಟ್ಟಿ ದೊಡ್ಡವರ ಬಟ್ಟೆಯ ಮಧ್ಯೆ ಇಡಬಹುದು. ಹುಳವನ್ನು ದೂರವಿಡುತ್ತದೆ, ಆಗಲೇ ಹತ್ತಿರುವುದನ್ನು ನಿವಾರಿಸುವುದಿಲ್ಲ.

ಹತ್ತಿಯೇ ಬಿಟ್ಟಿದ್ದರೆ ಮತ್ತೆ ಫ್ರೀಜರೇ ಗತಿ. ಸೀರೆಯನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು ಬಾಯಿ ಬಿಗಿದು ಒಂದು ವಾರ ಇಡಿ, ದಪ್ಪ ಕಂಬಳಿಯಾದರೆ ಎರಡು ವಾರ. ಆ ಹೊತ್ತಿಗೆ ಬೀರುವಿನ ಮೂಲೆ, ಹಲಗೆಯ ಸಂದು, ಟ್ರಂಕಿನ ಅಂಚನ್ನೆಲ್ಲ ವ್ಯಾಕ್ಯೂಮ್ ಹಿಡಿದೋ ಒಣಬ್ರಷ್ಷಿನಿಂದಲೋ ಗುಡಿಸಿ, ಗುಡಿಸಿದ ಕಸವನ್ನು ಮನೆಯಾಚೆ ಹಾಕಿ. ಫ್ರೀಜರಿನಿಂದ ತೆಗೆದ ಚೀಲವನ್ನು ತಕ್ಷಣ ಬಿಚ್ಚಬಾರದು. ಒಂದು ಇಡೀ ದಿನ ಹಾಗೇ ಬಿಟ್ಟು, ಕೋಣೆಯ ಶಾಖಕ್ಕೆ ಬಂದ ಮೇಲೆ ಬಿಚ್ಚಿ. ಇಲ್ಲದಿದ್ದರೆ ತಣ್ಣಗಿನ ಬಟ್ಟೆಯ ಮೇಲೆ ನೀರು ಹನಿಗಟ್ಟಿ ಜರಿ ಕಪ್ಪಿಡುತ್ತದೆ.